ಚೀಲದ ತೂಕ

"ಅವ್ವಗ ಭಾರ ಎತ್ತಾಕ ಹಚ್ಚಬ್ಯಾಡ್ರಿ. ಗಾಲಿ ಇರೋ ಸಣ್ಣ ಬ್ಯಾಗ್ ಒಂದ ತಗೋರಿ, ಎಳಕೋತ ಬರಲಿ."

ಮಸ್ಕತ್ತಿನಿಂದ ಅಕ್ಕ ಫೋನಿನಲ್ಲಿ ಹೀಗೆ ಹೇಳುವಾಗ ಅವ್ವ ನನ್ನ ಮಗ್ಗುಲಿನ ಮಂಚದ ಮೇಲೆಯೇ ಮಲಗಿದ್ದಳು. ಲಕ್ವಾ ಹೊಡೆದು ಬಲಗೈ ಬಲಗಾಲು ಎರಡೂ ಬಿದ್ದುಹೋಗಿದ್ದವು. ನಮ್ಮ ಮನೆಯ ಕರಿ ಫೋನಿನಲ್ಲಿ ಆಚೆಯವರ ದನಿ ಇಡೀ ಪಡಸಾಲೆಗೆ ಕೇಳುತ್ತಿತ್ತು. ಅವ್ವನಿಗೂ ಕೇಳಿತು. ನಾನು, "ಹೂಂ, ಗಾಲೀದ ತಗೋತೇವಿ ಬಿಡ," ಅಂದೆ. ಮತ್ತೇನು ಅನ್ನಲಿ?

ತೊಂಬತ್ತರ ದಶಕದ ಕೊನೆಯ ಮಾತಿದು. ಮೂಡಲಗಿಯಲ್ಲಿ ನಮ್ಮದು ಬೆಲ್ಲದ ವ್ಯಾಪಾರದ ಮನೆ. ಫೋನು ಬಂದದ್ದೂ ಆ ವ್ಯಾಪಾರದ ದೆಸೆಯಿಂದಲೇ. ಅಕ್ಕನನ್ನು ಮಸ್ಕತ್ತಿನಲ್ಲಿ ನೌಕರಿ ಮಾಡುವವನಿಗೆ ಕೊಟ್ಟಿದ್ದೆವು. ಎರಡು ಸಲ ಬಸಿರು ನಿಂತು ಎರಡು ಸಲವೂ ಉಳಿಯಲಿಲ್ಲ. ಮೂರನೆಯ ಸಲ ನಿಂತಾಗ ಅಲ್ಲಿಯ ಡಾಕ್ಟರು ಹಾಸಿಗೆ ಬಿಟ್ಟು ಏಳಬೇಡ, ವಿಮಾನ ಹತ್ತುವ ಮಾತೇ ಬೇಡ ಅಂದರು. ಚೊಚ್ಚಲ ಬಾಣಂತನ ತವರಿನಲ್ಲಿ ಆಗಬೇಕಾದದ್ದು. ಅವಳು ಬರಲಾರಳು ಅಂದಮೇಲೆ ತವರೇ ಅಲ್ಲಿಗೆ ಹೋಗಬೇಕು. ಅವ್ವನಿಗೆ ಓದಲು ಬಾರದು, ಒಬ್ಬಳೇ ಹೋಗುವುದೆಂತು ಎಂದು ಅವಳ ಜೊತೆಗೆ ನನ್ನ ಪಾಸ್‌ಪೋರ್ಟನ್ನೂ ಮಾಡಿಸಿದರು. ಎರಡೂ ಕೈಗೆ ಬಂದವು. ಆ ವಾರವೇ ಅವ್ವ ಬಚ್ಚಲ ಬಾಗಿಲಲ್ಲಿ ಕುಸಿದಳು. ಘಟಪ್ರಭಾದ ಆಸ್ಪತ್ರೆಗೆ ಒಯ್ದೆವು, ಜೀವ ಉಳಿಯಿತು, ಅಷ್ಟೇ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುತ್ತಾರಲ್ಲ, ನಮ್ಮ ಮನೆಯಲ್ಲಿ ಆದದ್ದು ಅದೇ.

ಖರೆ ಸಂಗತಿ ಅಕ್ಕನ ಗಂಡನಿಗೆ ಮಾತ್ರ ಗೊತ್ತಿತ್ತು. "ಹೆರಿಗೆ ಆಗೋತನಕ ಆಕಿಗೆ ಹೇಳಬ್ಯಾಡ್ರಿ, ಕೈ ಮುಗೀತೇನಿ. ಈ ಸಲಾನೂ ಏನಾರ ಆತಂದ್ರ ಆಕಿ ಉಳಿಯೂದಿಲ್ಲ," ಅಂದಿದ್ದ. ಹೊತ್ತು ಮುಳುಗುವ ಮುಂಚೆ ಊಟ ಮುಗಿಸುವ ಜೈನರ ಮನೆ ನಮ್ಮದು. ರವಿವಾರ ಊಟ ಮುಗಿಯುವ ಹೊತ್ತಿಗೆ ಸರಿಯಾಗಿ ಅಕ್ಕನ ಫೋನು ಬರುತ್ತಿತ್ತು. ಅವ್ವಗ ಕೊಡು ಅನ್ನುತ್ತಿದ್ದಳು. ಒಂದು ವಾರ ಅವ್ವನನ್ನು ಮಮದಾಪುರಕ್ಕೆ ಕಳಿಸಿದೆ, ಒಂದು ವಾರ ಘೋಡಗೇರಿಗೆ ಮದುವೆಗೆ ಕಳಿಸಿದೆ, ಒಂದು ವಾರ ಬಸದಿಗೆ ಕಳಿಸಿದೆ. ಕಾಲು ಬಿದ್ದವಳನ್ನು ನಾನು ತಿರುಗಾಡಿಸಿದಷ್ಟು ಯಾರೂ ತಿರುಗಾಡಿಸಿರಲಿಕ್ಕಿಲ್ಲ. ಅವ್ವ ಮಲಗಿದಲ್ಲಿಂದಲೇ ಎಲ್ಲ ಕೇಳುತ್ತಿದ್ದಳು. ಸುಳ್ಳು ಹೇಳುವುದು ನನಗೆ ಒಗ್ಗಿದ ಕೆಲಸವಲ್ಲ, ಸಿಟ್ಟು ಮಾಡುವುದು ಒಗ್ಗಿದ್ದು. ಫೋನಿಟ್ಟ ಮೇಲೆ ಪಾತ್ರೆಗಳ ಮೇಲೆ ಸಿಟ್ಟು ತೀರಿಸಿಕೊಳ್ಳುತ್ತಿದ್ದೆ.

ಅವ್ವನಿಗೆ ಮಾತೂ ಹೋಗಿತ್ತು. ಒಂದೇ ಒಂದು ಶಬ್ದ ಉಳಿದಿತ್ತು: ಕೌದಿ. ನೀರು ಬೇಕಾದರೂ ಕೌದಿ, ಮಗ್ಗುಲು ಬದಲಿಸಬೇಕಾದರೂ ಕೌದಿ. ಕೂಸು ಹುಟ್ಟಿದ ಕೂಡಲೆ ಹಳೆ ಬಟ್ಟೆಯ ಮೇಲೆ ಮಲಗಿಸಬೇಕು, ಅದೂ ಅಜ್ಜಿಯ ಸೀರೆಯಾಗಿದ್ದರೆ ಒಳ್ಳೆಯದು ಎಂಬುದು ನಮ್ಮ ಕಡೆಯ ರೂಢಿ. ಅದಕ್ಕೆಂದೇ ಅವ್ವ ತನ್ನ ಮೆತ್ತನೆಯ ಎರಡು ಸೀರೆ ಹರಿದು, ಪದರು ಕೂಡಿಸಿ, ಪುಟ್ಟ ಕೌದಿಯೊಂದಕ್ಕೆ ಸೂಜಿ ಹಾಕಿದ್ದಳು. ಅವಳ ಹೊಲಿಗೆ ಅಂದರೆ ಓಣಿಗೆಲ್ಲ ಹೆಸರು. ಬಿತ್ತಿದ ಸಾಲಿನ ಹಾಗೆ ನೆಟ್ಟಗೆ ಬರುತ್ತಿತ್ತು. ಚಿಕ್ಕಂದಿನಲ್ಲಿ ನನಗೂ ಅಕ್ಕನಿಗೂ ಕೌದಿ ಹೊಲಿಯಲು ಕಲಿಸುವಾಗ ಸಾಲು ಚೂರು ಸೊಟ್ಟಾದರೂ ಬೆರಳಿಗೆ ಸೂಜಿಯ ಹಿಂದಿನಿಂದ ಒಂದು ಕೊಟ್ಟು, "ಹೊಲಿಗಿ ಸೊಟ್ಟ ಆದ್ರ ಕೂಸಿನ ನಿದ್ದೀನೂ ಸೊಟ್ಟ ಆಗ್ತೈತಿ, ಬಿಚ್ಚು," ಅನ್ನುತ್ತಿದ್ದಳು. ಅಕ್ಕ ಅಳುತ್ತ ಬಿಚ್ಚಿ ಅಳುತ್ತ ಹೊಲಿದವಳು. ನಾನು ಎಸೆದು ಓಡಿಹೋದವಳು.

ಅರ್ಧ ಕೌದಿ ಆಗಿತ್ತು, ಅಷ್ಟರಲ್ಲಿ ಕೈ ಬಿತ್ತು. ಉಳಿದರ್ಧವನ್ನು ಅವ್ವ ಎಡಗೈಯಿಂದ ಹೊಲಿದಳು. ನಾನು ಸೂಜಿಗೆ ದಾರ ಪೋಣಿಸಿ ಕೊಡಬೇಕು, ಬಟ್ಟೆ ಜರುಗದ ಹಾಗೆ ಅದರ ಮೇಲೆ ಶುಂಠಿ ಕುಟ್ಟುವ ಕಲಬತ್ತು ಇಡಬೇಕು, ಅವಳು ಚುಚ್ಚಬೇಕು. ಒಂದು ಸಾಲು ಮೇಲೆ ಹೋದರೆ ಇನ್ನೊಂದು ಕೆಳಗೆ ಇಳಿಯುತ್ತಿತ್ತು. ಒಂದು ಕಡೆ ಹೊಲಿಗೆಯ ಟಾಕಿ ಗೋಧಿಕಾಳಿನಷ್ಟು, ಇನ್ನೊಂದು ಕಡೆ ಬೆರಳಿನಷ್ಟು. ಸೊಟ್ಟಾಗಿದೆ ಎಂದು ಅವಳಿಗೂ ಗೊತ್ತಿತ್ತು. ಕಣ್ಣು ಸರಿಯಾಗಿಯೇ ಇದ್ದವಲ್ಲ.

ಅವ್ವನ ಆರೈಕೆಗೆ ಹುಕ್ಕೇರಿಯಿಂದ ಮಾವಶಿ ಬಂದಿದ್ದಳು, ಅವ್ವನ ತಂಗಿ. ಅವಳು ಕೌದಿ ನೋಡಿದವಳೇ ನನ್ನನ್ನು ಅಡುಗೆಮನೆಗೆ ಎಳೆದೊಯ್ದು, "ಇದನ್ನ ನೋಡಿದ್ರ ನಿಮ್ಮಕ್ಕಗ ಗೊತ್ತಾಗೂದಿಲ್ಲೇನ? ಅರ್ಧ ಬಿಚ್ಚಿ ಕೊಡ, ನಾ ಹೊಲೀತೇನಿ," ಅಂದಳು. ಕತ್ತರಿ ಹಿಡಿದು ಇಬ್ಬರೂ ಪಡಸಾಲೆಗೆ ಬಂದೆವು. ಅವ್ವ ನಮ್ಮ ಕೈಯಲ್ಲಿನ ಕತ್ತರಿ ನೋಡಿದಳು, ಕೌದಿಯನ್ನು ಎದೆಯ ಮೇಲೆ ಎಳೆದುಕೊಂಡು ಗೋಡೆಗೆ ಮುಖ ಮಾಡಿದಳು. ಮಾವಶಿ ಕತ್ತರಿ ಗೂಟಕ್ಕೆ ನೇತುಹಾಕಿ ಕಣ್ಣೊರೆಸಿಕೊಂಡಳು. ಕೊನೆಗೆ ಹೀಗೆ ಮಾಡೋಣ ಎಂದು ಮಾತಾಯಿತು: ಅವ್ವನಿಗೆ ಮೊಣಕಾಲು ಬೇನೆ, ವಿಮಾನದ ಮೆಟ್ಟಿಲು ಹತ್ತಲಾರಳು, ಅದಕ್ಕೇ ನಾನೊಬ್ಬಳೇ ಬಂದೆ ಎಂದು ಅಕ್ಕನಿಗೆ ಹೇಳುವುದು. ಕೌದಿಯನ್ನು ಬ್ಯಾಗಿನ ತಳದಲ್ಲಿಟ್ಟು ಕೀಲಿ ಹಾಕುವುದು. ಹೆರಿಗೆಯಾದ ಮೇಲೆಯೇ ತೆಗೆಯುವುದು.

ಆದ್ದರಿಂದ ಬ್ಯಾಗು ಗಾಲಿಯದ್ದೇ ಆಗಬೇಕು, ಇಲ್ಲದಿದ್ದರೆ ಅಕ್ಕ ಕೇಳುತ್ತಾಳೆ. ಕೀಲಿ ಇದ್ದದ್ದೇ ಆಗಬೇಕು, ಇಲ್ಲದಿದ್ದರೆ ಅಕ್ಕ ತೆಗೆಯುತ್ತಾಳೆ. ದೊಡ್ಡ ಸೂಟ್‌ಕೇಸು ವಿಮಾನದ ಹೊಟ್ಟೆಯೊಳಗೆ ಹೋಗುತ್ತದೆ, ಕಳೆದರೂ ಕಳೆಯಬಹುದು, ಬೇಕಾದದ್ದನ್ನು ಕೈಯಲ್ಲಿರುವ ಸಣ್ಣದರಲ್ಲಿ ಇಟ್ಟುಕೊಳ್ಳಿ, ಅದು ಏಳು ಕಿಲೋ ಮೀರಬಾರದು ಎಂದು ಬೆಳಗಾವಿಯಲ್ಲಿ ಟಿಕೀಟು ಮಾಡಿಕೊಟ್ಟವರು ಹೇಳಿದ್ದರು.

ಮೂಡಲಗಿಯ ಅಂಗಡಿಗಳಲ್ಲಿ ಟ್ರಂಕು ಇದ್ದವು, ಹೆಗಲಿಗೆ ಹಾಕುವ ಚೀಲಗಳಿದ್ದವು, ಗಾಲಿಯದ್ದು ಇರಲಿಲ್ಲ. "ಬ್ಯಾಗಿಗೆ ಗಾಲಿ ಯಾಕ ಬೇಕವಾ, ಅದೇನ ಬಂಡೀನ?" ಎಂದು ಒಬ್ಬರು ನಕ್ಕರು. ಮಾವಶಿ ಹುಕ್ಕೇರಿಯಲ್ಲಿ ತಮ್ಮ ಬಾಜೂ ಮನೆಯವರದೊಂದು ಇದೆಯೆಂದು ಹೇಳಿದಳು, ನಾನು ಬಸ್ಸು ಹತ್ತಿ ಹೋಗಿ ನೋಡಿ ಬಂದೆ. ಅವರು ಅದರಲ್ಲಿ ಮೆಣಸಿನಕಾಯಿ ತುಂಬಿಟ್ಟಿದ್ದರು. ಒಂದು ಗಾಲಿ ತಿರುಗುತ್ತಿರಲಿಲ್ಲ. ಬಾಣಂತಿಯ ಮನೆಗೆ ಸೀನುತ್ತ ಹೋಗಲೇ?

ಕೊನೆಗೆ ಅಪ್ಪನೇ ನನ್ನನ್ನು ಕರೆದುಕೊಂಡು ಗೋಕಾಕಕ್ಕೆ ಹೊರಟ. ಇಲ್ಲಿ ಅಪ್ಪನ ಬಗ್ಗೆ ಒಂದು ಮಾತು ಹೇಳಬೇಕು. ಅಪ್ಪನಿಗೆ ಯಾವ ವಸ್ತುವಿನ ಯೋಗ್ಯತೆಯೂ ಅದನ್ನು ಎತ್ತಿ ನೋಡಿದ ಮೇಲೆಯೇ ತಿಳಿಯುವುದು. ಕೊಡವಾಗಲಿ, ಬೆಲ್ಲವಾಗಲಿ, ಚಪ್ಪಲಿಯಾಗಲಿ, ಅಂಗೈ ಮೇಲೆ ಇಟ್ಟು ಕಣ್ಣು ಮುಚ್ಚಿ, "ತೂಕ ಐತಿ," ಅಂದರೆ ಮುಗಿಯಿತು. ಅಕ್ಕನನ್ನು ನೋಡಲು ಗಂಡು ಬಂದು ಹೋದ ದಿನ ಅಪ್ಪ, "ಹುಡುಗ ತೂಕದವ ಅದಾನ," ಅಂದಾಗ ಅವ್ವ ಒಳಗಿನಿಂದ, "ಯಾವಾಗ ಎತ್ತಿ ನೋಡಿದ್ರಿ?" ಎಂದು ಕೇಳಿ ಮನೆಮಂದಿಯನ್ನೆಲ್ಲ ನಗಿಸಿದ್ದಳು. ಅಪ್ಪನ ಆ ಹುಚ್ಚಿಗೆ ಲಗಾಮು ಹಾಕುವವಳು ಅವಳೊಬ್ಬಳೇ. ಅವಳೀಗ ಮಂಚದ ಮೇಲಿದ್ದಳು.

ಗೋಕಾಕದ ಬಸ್‌ಸ್ಟ್ಯಾಂಡಿನ ಎದುರಿಗಿನ ಅಂಗಡಿಯಲ್ಲಿ ಗಾಲಿಯ ಬ್ಯಾಗುಗಳು ಆಗಷ್ಟೇ ಬಂದಿದ್ದವು. ನನ್ನ ಕಣ್ಣು ನೀಲಿ ಬಟ್ಟೆಯದೊಂದರ ಮೇಲೆ ಬಿತ್ತು. ಹಗುರವಾಗಿತ್ತು, ಕೀಲಿಯೂ ಇತ್ತು. ಅಪ್ಪ ಅದನ್ನು ಕಿರುಬೆರಳಲ್ಲಿ ಎತ್ತಿದ.

"ಏನ್ರಿ ಇದು? ಗಾಳಿ ಬಿಟ್ರ ಹಾರಿ ಹೊಕ್ಕೈತಿ. ಮಾಲ ತೋರಸ್ರಿ, ಮಾಲ."

ಅಂಗಡಿಯವರು ಹಿಂದಿನಿಂದ ಕಂದು ಬಣ್ಣದ್ದೊಂದು ಹೊತ್ತುಕೊಂಡು ಬಂದು ದಪ್ಪೆಂದು ಇಟ್ಟರು. ಗಟ್ಟಿ ಹೊದಿಕೆ, ಮೂಲೆಮೂಲೆಗೆ ಲೋಹದ ಪಟ್ಟಿ, ಎರಡು ಕೀಲಿ. ಅಪ್ಪ ಎತ್ತಿ ನೋಡಿದ, ಇಳಿಸಿದ, ಮತ್ತೆ ಎತ್ತಿದ. ಮೇಲೆ ಕುಳಿತು ನೋಡಿದ. ಆಮೇಲೆ ಹಿಡಿಕೆ ಎಳೆದು ರಸ್ತೆಗೆ ಇಳಿದ. ಜಲ್ಲಿಕಲ್ಲಿನ ಮೇಲೆ, ಹೊಸ ಕರುವಿಗೆ ಹಗ್ಗ ಹಾಕಿ ನಡೆಸಿದ ಹಾಗೆ, ಬಸ್‌ಸ್ಟ್ಯಾಂಡಿನ ಬಾಗಿಲತನಕ ಹೋಗಿ ತಿರುಗಿ ಬಂದ. ಬಸ್ಸಿಗೆ ನಿಂತವರೆಲ್ಲ ಬಸ್ಸು ಮರೆತು ಅಪ್ಪನನ್ನೇ ನೋಡುತ್ತಿದ್ದರು. ನನಗೆ ನೆಲ ಬಾಯಿ ಬಿಡಬಾರದೇ ಅನಿಸಿತು.

"ಅಪ್ಪಾ, ನೀಲೀದ ಸಾಕು. ಇದನ್ನ ಎತ್ತಾಕ ಇನ್ನೊಬ್ರ ಬೇಕು."

"ಎತ್ತೂದ ಯಾಕ? ಗಾಲಿ ಅದಾವಲ್ಲ?"

"ಯಾರ ಮಾತೂ ಕೇಳೂದಿಲ್ಲ ನೀ! ಬಟ್ಟೀದ ತಗೊಂಡ್ರ ಏನ ಕಡಿಮಿ ಆಗ್ತೈತಿ?"

ಅಪ್ಪ ನನ್ನ ಹತ್ತಿರ ಬಂದು ಅಂಗಡಿಯವರಿಗೆ ಕೇಳದ ಹಾಗೆ ಹೇಳಿದ. "ನಿಮ್ಮವ್ವನ ಕೈಯಿಂದ ಆದದ್ದು ಆ ಕೌದಿ ಒಂದ. ಇನ್ನ ಮ್ಯಾಲ ಆಗೂದಿಲ್ಲ. ಅದನ್ನ ಹರಕ ಚೀಲದಾಗ ಕಳಸಬೇಕೇನ?"

ಕಂದು ಬ್ಯಾಗು ನಮ್ಮದಾಯಿತು. ಅಂಗಡಿಯವರು ಖುಷಿಯಿಂದ ಒರೆಸಿ ಕೊಟ್ಟರು.

ಮನೆಗೆ ತಂದು ಅಪ್ಪ ಅದನ್ನು ಮೊದಲು ಅವ್ವನ ಮಂಚದ ಬದಿಗೆ ನಿಲ್ಲಿಸಿದ. ಹಿಡಿಕೆಯನ್ನು ಅವಳ ಎಡಗೈಗೆ ಕೊಟ್ಟ. ಅವ್ವ ಹಿಡಿದು ತನ್ನ ಕಡೆಗೆ ಎಳೆದಳು. ಗಾಲಿಗಳು ಗುರ್ರೆಂದು ಉರುಳಿ ಬ್ಯಾಗು ಮಂಚಕ್ಕೆ ಬಂದು ತಾಗಿತು. ಅವ್ವನ ಬಾಯಿಯ ಒಂದು ಬದಿ ನಕ್ಕಿತು. ದೂಡಿದಳು, ಮತ್ತೆ ಎಳೆದಳು. ಅದು ಅವಳಿಗೆಂದೇ ಹೇಳಿದ್ದ ಬ್ಯಾಗು, ಮಸ್ಕತ್ತಿಗೆ ಅವಳು ಎಳೆದುಕೊಂಡು ಹೋಗಬೇಕಾದದ್ದು. ಮಾವಶಿ ಸೆರಗು ಬಾಯಿಗೆ ಹಿಡಿದುಕೊಂಡು ಒಳಗೆ ಹೋದಳು.

ಸಾಮಾನು ತೂಗುವ ಕೆಲಸ ಅಪ್ಪನದು. ಅಂಗಡಿಯ ತಕ್ಕಡಿಯನ್ನೇ ಪಡಸಾಲೆಗೆ ತಂದ. ಅವ್ವ ಮಾಡಬೇಕಾಗಿದ್ದ ಅಂಟಿನ ಉಂಡೆಗಳನ್ನು ಮಾವಶಿ ಮಾಡಿದ್ದಳು. ಹಾಲು ಬರಲೆಂದು ಅಳವಿ, ಕೂಸಿನ ತಲೆಗೆ ಕುಂಚಿಗೆ, ತೇಯ್ದು ನೆಕ್ಕಿಸಲು ಬಜೆ, ಗೋಕಾಕದ ಕರದಂಟು, ಎಲ್ಲದರ ಕೆಳಗೆ ಕೌದಿ. ಒಂದು ಉಂಡೆ ಹೆಚ್ಚಾಯಿತೆಂದು ತೆಗೆದ, ಮುಳ್ಳು ನೆಟ್ಟಗೆ ನಿಂತಿತು. ಸರಿಯಾಗಿ ಏಳು ಕಿಲೋ.

"ಬ್ಯಾಗೂ ತೂಗಬೇಕಲ್ಲ, ಅಪ್ಪಾ?"

"ಏ ಹುಚ್ಚಿ, ಚೀಲ ಯಾರ ತೂಗ್ತಾರ? ಪ್ಯಾಟ್ಯಾಗ ನೋಡಿಲ್ಲೇನ? ಪ್ರಪಂಚದಾಗ ಎಲ್ಲಿ ಬೇಕಾದಲ್ಲಿ ಹೋಗ, ಚೀಲ ಕಳದು ಮಾಲ ಹಿಡೀತಾರ. ಇಲ್ಲಂದ್ರ ವ್ಯಾಪಾರ ಹೆಂಗ ನಡದೀತು?"

ಹುಟ್ಟಿದಾಗಿನಿಂದ ನಾನೂ ಅದನ್ನೇ ನೋಡಿದ್ದೆ. ಚೀಲದ ತೂಕ ಕಳೆಯದೆ ಬೆಲ್ಲ ಹಿಡಿದವನಿಗೆ ನಮ್ಮ ಪೇಟೆಯಲ್ಲಿ ಕಳ್ಳನೆಂದೇ ಹೆಸರು. ಅದಕ್ಕೇ ಸುಮ್ಮನಾದೆ.

ಘಟಪ್ರಭಾದಲ್ಲಿ ರೈಲು ಹತ್ತಿ ಮುಂಬೈಗೆ ಹೋದೆವು. ವಿಮಾನ ನಿಲ್ದಾಣದ ಬಾಗಿಲಲ್ಲಿ ಬಂದೂಕಿನವರು ಅಪ್ಪನನ್ನು ತಡೆದರು. ಟಿಕೀಟು ಇದ್ದವರಿಗಷ್ಟೇ ಒಳಗೆ. ಅಪ್ಪ ಗಾಜಿನ ಆಚೆ ನಿಂತ. ದೊಡ್ಡ ಸೂಟ್‌ಕೇಸು ಅಂಚಿನತನಕ ತುಂಬಿತ್ತು, ಅದು ಪಟ್ಟಿಯ ಮೇಲೆ ಹೋಗಿ ಕಣ್ಮರೆಯಾಯಿತು. ಆಮೇಲೆ ಕೌಂಟರಿನ ಹುಡುಗಿ ಕೈಬ್ಯಾಗನ್ನೂ ತೂಕಕ್ಕೆ ಇಡು ಅಂದಳು. ಇಟ್ಟೆ. ಅವಳು ತಲೆ ಅಲ್ಲಾಡಿಸಿದಳು. ಹೆಚ್ಚಿದೆ, ತುಂಬಾ ಹೆಚ್ಚಿದೆ.

ನಾನು ನನ್ನ ಹರಕು ಹಿಂದಿಯಲ್ಲಿ, "ಬ್ಯಾಗ್ ಕಾ ವಜನ್ ನಿಕಾಲೋ ನಾ," ಅಂದೆ.

ಅವಳಿಗೆ ತಿಳಿಯಲಿಲ್ಲ. ಇನ್ನೊಮ್ಮೆ ಹೇಳಿದೆ, ಚೀಲದ ತೂಕ ಕಳೆದು ನೋಡಿ, ಒಳಗಿನದ್ದು ಏಳೇ ಇದೆ, ನಮ್ಮಪ್ಪ ತೂಗಿದ್ದಾನೆ ಎಂದೆ. ಅವಳು ನಕ್ಕಳು. ಕೆಟ್ಟ ನಗೆಯಲ್ಲ, ಆದರೂ ನನ್ನ ಕಿವಿ ಕಾದವು. ಬ್ಯಾಗೂ ಸೇರಿ ಏಳು ಎಂದು ಹೇಳಿ, ಅರ್ಧ ಸಾಮಾನು ತೆಗೆದು ಬಾ ಎಂದವಳೇ ನನ್ನ ಹಿಂದಿನವರನ್ನು ಕರೆದಳು. ಅರ್ಧ ಅಂದರೆ ಯಾವ ಅರ್ಧ? ಯಾರಿಗೆ ಕೊಡಲಿ? ಉಂಡೆ ಬಿಟ್ಟು ಅಳವಿ ಒಯ್ಯಲೇ, ಅಳವಿ ಬಿಟ್ಟು ಉಂಡೆ ಒಯ್ಯಲೇ? ಬ್ಯಾಗನ್ನು ಎಳೆದುಕೊಂಡು ಬಾಗಿಲಿಗೆ ಓಡಿದೆ.

ಅಪ್ಪ ಅಲ್ಲೇ ಇದ್ದ, ಹಣೆಯನ್ನು ಗಾಜಿಗೆ ಹಚ್ಚಿಕೊಂಡು. ಬಂದೂಕಿನವರಲ್ಲಿ ಒಬ್ಬರು ನನ್ನ ಮುಖ ನೋಡಿ ಬಾಗಿಲನ್ನು ಒಂದಿಷ್ಟು ತೆರೆದು, "ಜಲ್ದಿ ಕರೋ," ಅಂದರು.

"ಚೀಲದ ತೂಕಾನೂ ಹಿಡೀತಾರಂತ, ಅಪ್ಪಾ."

"ಚೀಲದ್ದೂ?"

"ಹೂಂ. ಚೀಲದ್ದೂ."

ಅಪ್ಪ ಬ್ಯಾಗಿನ ಮೂಲೆಯ ಲೋಹದ ಪಟ್ಟಿಯನ್ನು ಹೆಬ್ಬೆರಳಿನಿಂದ ಸವರುತ್ತ ನಿಂತ. "ಇದು ನ್ಯಾಯ ಅಲ್ಲ," ಅಂದ. ಯಾರಿಗೆ ಹೇಳಿದನೋ. ಬೈಯಬೇಕೆಂದು ಓಡಿ ಬಂದವಳು ನಾನು. ನೀಲಿ ಬ್ಯಾಗು ಸಾಕೆಂದು ಬಡಕೊಂಡೆನಲ್ಲ ಎಂದು ಕೂಗಬೇಕೆಂದಿದ್ದೆ. ಅವನ ಮುಖ ನೋಡಿ ಬ್ಯಾಗನ್ನು ಅವನ ಕಡೆಗೆ ದೂಡಿದೆ.

ಅಪ್ಪ ಅಲ್ಲೇ ನೆಲಕ್ಕೆ ಕುಳಿತು ಎರಡೂ ಕೀಲಿ ತೆಗೆದ. ತಳದಿಂದ ಕೌದಿ ಎಳೆದು ಹಾಸಿದ. ಅದರ ಮೇಲೆ ಉಂಡೆ, ಅಳವಿ, ಕರದಂಟು, ಕುಂಚಿಗೆ, ಬಜೆ ಎಲ್ಲ ಜೋಡಿಸಿದ. "ಸೊಟ್ಟ ಕಡಿ ಒಳಗ ಬರಲಿ," ಎಂದೆ. ಅವನು ಅದಾಗಲೇ ಹಾಗೆಯೇ ಮಡಚುತ್ತಿದ್ದ. ಹೆಗಲ ಮೇಲಿನ ಟವೆಲ್ ತೆಗೆದು ಸುತ್ತಿ, ಬೆಲ್ಲದ ಮೂಟೆಗೆ ಹಾಕುವ ಗಂಟು ಹಾಕಿ, ಎತ್ತಿ ನನ್ನ ಎದೆಗೆ ಕೊಟ್ಟ. "ಈಗ ಏಳಕ್ಕೆ ಏಳು," ಅಂದ. ಬಾಗಿಲು ಮುಚ್ಚಿತು. ನಾನು ತಿರುಗಿ ನೋಡಿದಾಗ ಅಪ್ಪ ಖಾಲಿ ಬ್ಯಾಗನ್ನು ಹೆಗಲ ಮೇಲೆ ಹೊತ್ತುಕೊಂಡು ಹೋಗುತ್ತಿದ್ದ. ಗಾಲಿ ಇರುವುದು ಅವನಿಗೆ ನೆನಪೇ ಬರಲಿಲ್ಲವೇನೋ.

ಮಸ್ಕತ್ತಿನ ಮನೆಯ ಕೋಣೆಯಲ್ಲಿ ಅಕ್ಕ ಹಾಸಿಗೆಯ ಮೇಲಿದ್ದಳು. ಹೊಟ್ಟೆ ಮುಂದೆ ಬಂದಿತ್ತು, ಮುಖ ಮಾತ್ರ ಒಣಗಿತ್ತು. ನನ್ನನ್ನು ನೋಡಲಿಲ್ಲ, ನನ್ನ ಹಿಂದಿನ ಬಾಗಿಲನ್ನು ನೋಡಿದಳು. ಅಲ್ಲಿಂದ ಅವಳ ಗಂಡ ಸೂಟ್‌ಕೇಸು ಹಿಡಿದು ಒಳಗೆ ಬಂದ. ಮತ್ತೆ ಯಾರೂ ಬರಲಿಲ್ಲ.

"ಅವ್ವ?"

"ಮೊಣಕಾಲ ಬ್ಯಾನಿ ಅಕ್ಕಾ, ಮೆಟ್ಟಲಾ ಹತ್ತಾಕ ಆಗೂದಿಲ್ಲ ಅಂದ್ಲು." ದಾರಿಯುದ್ದಕ್ಕೂ ಬಾಯಿಪಾಠ ಮಾಡಿದ ಮಾತು. ನನಗೇ ಪೊಳ್ಳು ಕೇಳಿಸಿತು.

ಅಕ್ಕ ಕೈ ಚಾಚಿದಳು. ಗಂಟನ್ನು ಒಳಗಿನ ಕೋಣೆಗೆ ಒಯ್ಯಬೇಕೆಂದು ನಾನು ಹೆಜ್ಜೆ ಇಡುವಷ್ಟರಲ್ಲಿ ಅದು ಅವಳ ಮಡಿಲಲ್ಲಿತ್ತು. ಕೀಲಿ ಇಲ್ಲ, ತಳ ಇಲ್ಲ, ಮುಚ್ಚಿಡಲು ಏನೆಂದರೆ ಏನೂ ಇಲ್ಲ. "ಅಪ್ಪನ ಗಂಟು," ಎಂದು ನಗುತ್ತಲೇ ಬಿಚ್ಚಿದಳು. ಉಂಡೆಯ ಡಬ್ಬಿ ಬದಿಗಿಟ್ಟಳು. ಕೌದಿಯನ್ನು ಹೊಟ್ಟೆಯ ಮೇಲೆ ಹರವಿಕೊಂಡು, ಸಣ್ಣವಳಿದ್ದಾಗ ನಿದ್ದೆಗೆ ಮುಂಚೆ ಮಾಡುತ್ತಿದ್ದ ಹಾಗೆ, ಹೊಲಿಗೆಯ ಸಾಲಿನ ಮೇಲೆ ಬೆರಳಾಡಿಸತೊಡಗಿದಳು. ಬೆರಳು ನೆಟ್ಟಗೆ ಹೋಯಿತು, ನೆಟ್ಟಗೆ ಹೋಯಿತು, ನಡುವಿಗೆ ಬಂದು ನಿಂತಿತು. ಮುಂದಿನ ಸಾಲು ಮುಟ್ಟಿದಳು. ಅದರ ಮುಂದಿನದು. ಅವಳ ಗಂಡ ಗೋಡೆಗೆ ಒರಗಿ ಕಣ್ಣು ಮುಚ್ಚಿಕೊಂಡ.

"ಯಾವ ಕೈ?" ಎಂದು ಅಕ್ಕ ಕೇಳಿದಳು.

ಸುಳ್ಳು ನೆನಪಾಗಲಿಲ್ಲ. "ಬಲಗೈ," ಅಂದೆ.

"ಮಾತು?"

"ಒಂದ. ಕೌದಿ ಅಂತಾಳ."

ಅವಳು ಹೊಟ್ಟೆಯನ್ನು ಎರಡೂ ಕೈಯಿಂದ ಹಿಡಿದುಕೊಂಡಳು. ನನ್ನ ಜೀವ ಬಾಯಿಗೆ ಬಂತು. ಮುಂದೆ ದಿನ ತುಂಬಿ ಹೆಣ್ಣುಕೂಸು ಗಟ್ಟಿಯಾಗಿಯೇ ಹುಟ್ಟಿತು, ಆ ಕೌದಿಯ ಮೇಲೆಯೇ ಮಲಗಿತು. ಅದೆಲ್ಲ ಈಗ ಗೊತ್ತು. ಆ ಕೋಣೆಯಲ್ಲಿ ನಿಂತಾಗ ಗೊತ್ತಿರಲಿಲ್ಲ. ಅಷ್ಟೂ ದಿನ ಸುಳ್ಳು ಹೇಳಿ ಬಚ್ಚಿಟ್ಟದ್ದನ್ನು ನನ್ನ ಕೈಯಾರೆ ತಂದು ಅವಳ ಮಡಿಲಿಗೆ ಹಾಕಿದ್ದೆನಲ್ಲ.

"ಫೋನ್ ಹಚ್ಚು," ಅಂದಳು ಗಂಡನಿಗೆ.

ಅಪ್ಪ ಇನ್ನೂ ರೈಲಿನಲ್ಲಿದ್ದ. ಮಾವಶಿ ಎತ್ತಿದಳು. ಅಕ್ಕನ ದನಿ ಕೇಳಿದ್ದೇ ತಡ, "ನಿಮ್ಮವ್ವ ಈಗಷ್ಟ ಘೋಡಗೇರಿಗೆ ಹೋದ್ಲ ನೋಡವಾ," ಎಂದು ಶುರು ಮಾಡಿದಳು. ನನಗೂ ಕೇಳುತ್ತಿತ್ತು, ನಾನು ಅಕ್ಕನ ತಲೆಗೆ ತಲೆ ಹಚ್ಚಿ ಕುಳಿತಿದ್ದೆ.

"ಮಾವಶಿ, ಫೋನ್ ಅವ್ವನ ಕಿವಿಗೆ ಹಿಡಿ."

ಆ ಕಡೆ ಮಾತು ನಿಂತಿತು. ಏನೋ ಸರಿದಾಡಿದ ಸದ್ದು, ಮಂಚ ಕಿರ್ರೆಂದ ಸದ್ದು. ಆಮೇಲೆ ಉಸಿರು. ಬಹಳ ಹೊತ್ತು ಬರೀ ಉಸಿರು.

"ಕೌ... ದಿ?"

ಅಕ್ಕನ ಬೆರಳು ಸೊಟ್ಟ ಸಾಲಿನ ಮೇಲೆಯೇ ಇತ್ತು. ಮೇಲೆ ಹತ್ತಿ ಕೆಳಗೆ ಇಳಿದು ಅದರ ಹಿಂದೆಯೇ ಹೋಗುತ್ತಿತ್ತು. ಕಣ್ಣೀರು ಗದ್ದದಿಂದ ಇಳಿಯುತ್ತಿದ್ದರೂ ದನಿಯಲ್ಲಿ ಒಂದು ಹನಿಯೂ ಕೇಳಿಸಲಿಲ್ಲ.

"ಮುಟ್ಟೇತಿ, ಅವ್ವಾ. ಕೈಯಾಗ ಹಿಡಕೊಂಡೇನಿ. ಭಾಳ ಛಲೋ ಆಗೇತಿ. ಒಂದ ಸಾಲೂ ಸೊಟ್ಟ ಆಗಿಲ್ಲ ನೋಡ."